ಕೊನೆಯ ಎರಡು ಅಂಕಿ

ನಬಿಲಾಲ ಎರಡನೆಯ ಸೆಲ್ಲನ್ನು ಉಲ್ಟಾ ಹಾಕಿ, ಮುಚ್ಚಳ ಒತ್ತಿ, ಗುಂಡಿ ಅದುಮಿ, ಜಿಪಿಎಸ್ ಡಬ್ಬಿಗೆ ಯಾಕೆ ಜೀವ ಬರುತ್ತಿಲ್ಲವೆಂದು ಬೆಪ್ಪನ ಹಾಗೆ ನೋಡುತ್ತ ಕೂತ. ಮೂವತ್ತೈದು ವರ್ಷ ಮುದ್ದೇಬಿಹಾಳದ ಬಸ್ ನಿಲ್ದಾಣದ ಎದುರು ರೇಡಿಯೋ, ಗಡಿಯಾರ ರಿಪೇರಿ ಮಾಡಿದ ಮನುಷ್ಯ ಸೆಲ್ಲು ಹಾಕುವುದರಲ್ಲಿ ತಪ್ಪುವುದೆಂದರೇನು! ಹರಿಗೋಲಿನಲ್ಲಿ ಎದುರಿಗೆ ಹುಟ್ಟು ಹಿಡಿದು ಕೂತಿದ್ದ ಕಲ್ಮೇಶನೇ ಬಗ್ಗಿ ನೋಡಿದ.

"ಕಾಕಾ, ಸೆಲ್ ತಿರುವಿ ಹಾಕ್ರಿ. ಉಲ್ಟಾ ಅದಾವು."

"ಹೌದ ನೋಡಪಾ. ಕಣ್ಣ ಸರಿಯಾಗಿ ಕಾಣವಲ್ವು."

"ಅತ್ತು ಅತ್ತು ಹಂಗಾಗ್ಯಾವ್ರಿ," ಎಂದ ಕಲ್ಮೇಶ. ಅವನ ದನಿಯಲ್ಲಿ ಮರುಕವಿತ್ತು. ಆ ಮರುಕ ನಬಿಲಾಲನಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಕಲ್ಮೇಶನ ಅಪ್ಪ ಸಿದ್ದರಾಯ ಇವತ್ತು ಬೆಳಗಿನ ಜಾವ ಅಂಗಳದಲ್ಲಿ ಬಲೆ ಹೊಲಿಯುತ್ತ ಕೂತವನು ಎದೆ ಹಿಡಿದುಕೊಂಡು ಹಾಗೇ ವಾಲಿದ್ದ. ಅರವತ್ತಾರು ವಯಸ್ಸು. ಹಿನ್ನೀರಿನಲ್ಲಿ ಮೀನು ಹಿಡಿದು ಬದುಕಿದ ಅಂಬಿಗ. ಈಗ ಪುನರ್ವಸತಿ ಊರಿನ ಮನೆಯ ಮುಂದೆ, ಗೋಡೆಗೆ ಒರಗಿಸಿ ಕೂರಿಸಿದ ಹೆಣವಾಗಿ ಕಾಯುತ್ತಿದ್ದ. ಕಾಯುವುದೆಂದರೆ ಮಣ್ಣಿಗಾಗಿ. ಅವರ ಜನದಲ್ಲಿ ಒಂದು ಪದ್ಧತಿ. ಗಂಡ ಹೆಂಡಿರಲ್ಲಿ ಹಿಂದೆ ಉಳಿದವರು ತೀರಿಕೊಂಡರೆ, ಮುಂದೆ ಹೋದವರ ಸಮಾಧಿಯಿಂದ ಒಂದು ಹಿಡಿ ಮಣ್ಣು ತಂದು ಎದೆಯ ಮೇಲೆ ಹಾಕಬೇಕು. ಆಮೇಲೆಯೇ ಕುಣಿ ಮುಚ್ಚುವುದು. ಆ ಮಣ್ಣು ಬೀಳದಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ಹುಡುಕುತ್ತ ಅಲೆಯುತ್ತಾರಂತೆ. ಸಿದ್ದರಾಯನ ಹೆಂಡತಿ ಚಂದವ್ವ ಸತ್ತದ್ದು ತೊಂಬತ್ತಾರರಲ್ಲಿ. ಹಳೆಯ ಊರಿನ ಸುಡಗಾಡಿನಲ್ಲಿ ಮಣ್ಣು ಮಾಡಿದ್ದರು. ನಾಲ್ಕು ವರ್ಷಕ್ಕೆ ಅಣೆಕಟ್ಟಿನ ನೀರು ಬಂದು ಊರು, ಸುಡಗಾಡು ಎರಡನ್ನೂ ನುಂಗಿತು.

ಆ ಜಾಗ ಎಲ್ಲಿದೆಯೆಂದು ಹೇಳುವುದು ನಬಿಲಾಲನ ಕೈಯಲ್ಲಿದ್ದ ಜಿಪಿಎಸ್ ಡಬ್ಬಿಯೊಂದೇ. ಅದನ್ನು ನಡೆಸಲು ಬರುತ್ತಿದ್ದದ್ದು, ಸತ್ತವನನ್ನು ಬಿಟ್ಟರೆ, ನಬಿಲಾಲನಿಗೊಬ್ಬನಿಗೇ. ಡಬ್ಬಿಯೊಳಗಿನ ಗುರುತು ಸುಳ್ಳು ಎಂಬುದೂ ಆ ಹರಿಗೋಲಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

"ನಡೀರಿ, ಹೊತ್ತ ಏರಾಕತ್ತೈತಿ," ಎಂದ ಗುರಪ್ಪ. ಅಂಬಿಗರ ಹಿರಿಯ, ಎಂಬತ್ತರ ಮುದುಕ. ಪದ್ಧತಿಯೆಂದರೆ ಪದ್ಧತಿ ಎನ್ನುವವನು. ಸಾಕ್ಷಿಗೆಂದು ಹಟ ಹಿಡಿದು ಬಂದು ಹರಿಗೋಲಿನ ನಡುವೆ ಕೂತಿದ್ದ. "ಮಧ್ಯಾಹ್ನದೊಳಗ ಮಣ್ಣ ತಂದು ಮುಟ್ಟಿಸಬೇಕು."

ಡಬ್ಬಿ ಜೀವ ಹಿಡಿಯಿತು. ಬೂದು ಪರದೆಯ ಮೇಲೆ ಸಣ್ಣ ಬಾಣ ಒಂದೆರಡು ಸಲ ತಡಕಾಡಿ ಬಡಗಣಕ್ಕೆ ತಿರುಗಿ ನಿಂತಿತು.

"ಯಾ ಕಡೆ, ಕಾಕಾ?"

ನಬಿಲಾಲ ಕೈ ಎತ್ತಿ ತೋರಿಸಿದ.

*

ಎರಡು ಸಾವಿರದ ಮೂರನೆಯ ಇಸವಿಯ ಬೇಸಿಗೆಯಲ್ಲಿ ಹಿನ್ನೀರು ಯಾರೂ ಕಂಡರಿಯದಷ್ಟು ಕೆಳಗಿಳಿದು ಹಳೆಯ ಊರು ಮೇಲೆದ್ದಿತ್ತು. ಸಿದ್ದರಾಯ ಅಂಗಡಿಗೆ ಬಂದಾಗ ಮೊಣಕಾಲ ತನಕ ಕೆಸರು.

"ನಬ್ಯಾ, ಆಕಿ ಸಿಕ್ಕಳೋ! ನಾಕು ಕಲ್ಲು ನಾ ಹೆಂಗ ಇಟ್ಟಿದ್ದೆ ಹಂಗ ಅದಾವು. ಆದ್ರ ಇನ್ನ ಎರಡ ತಿಂಗಳಿಗೆ ಮತ್ತ ಮುಳುಗ್ತಾಳ. ನೀರ ಮ್ಯಾಲ ಗುರುತ ಹೆಂಗ ಇಡ್ಲಿ? ತೇಲೂ ಬೆಂಡ ಕಟ್ಟಿದ್ರ ಮಂದಿ ಬಲಿ ಎಳಿಯೂವಾಗ ಹರಕೊಂಡ ಹೋಗ್ತಾರ."

ಹೆಂಡತಿ ಸತ್ತು ಏಳು ವರ್ಷವಾಗಿದ್ದರೂ ಆಕೆ ಈಗ ತಾನೇ ಸಂತೆಯಲ್ಲಿ ಕೈಬಿಟ್ಟು ಹೋದಳೆಂಬಂತೆ ಮಾತಾಡುವ ಮನುಷ್ಯ ಅವನು. ಮಹಾನವಮಿ ಅಮಾವಾಸ್ಯೆಗೆ ಎಲ್ಲರೂ ತಮ್ಮ ಹಿರಿಯರಿಗೆ ಎಡೆ ಇಡುವಾಗ ತಾನು ದಂಡೆಯ ಮೇಲೆ ನಿಂತು ಎತ್ತಲೋ ಹೋಳಿಗೆ ಎಸೆಯಬೇಕಲ್ಲ ಎಂಬುದು ಅವನ ದುಃಖ.

ನಬಿಲಾಲ ಮೇಜಿನ ಮೇಲೆ ಎರಡು ಡಬ್ಬಿ ಇಟ್ಟ. ಒಂದು ಹೊಸದು, ವಿಜಾಪುರದ ವ್ಯಾಪಾರಿಯಿಂದ ನೋಡಿ ಕೊಡುತ್ತೇನೆಂದು ತಂದದ್ದು. ಇನ್ನೊಂದು ಕಾಲುವೆ ಸರ್ವೆಗೆ ಬಂದ ತಂಡದವರು ಊರು ಬಿಡುವಾಗ ಮಾರಿ ಹೋದದ್ದು. ಮೂಲೆ ಸವೆದಿತ್ತು, ಬೆಲೆ ಹೊಸದರ ಕಾಲುಭಾಗ.

"ಇವು ಮುಗಲಾಗಿನ ಉಪಗ್ರಹ ನೋಡಿ ನೀ ಎಲ್ಲಿ ನಿಂತೀದಿ ಅಂತ ಅಂಕಿ ಬರೀತಾವು. ಒಂದಸಲ ಗುರುತ ಹಾಕಿದ್ರ, ಮುಂದ ನೀ ಎಲ್ಲೆ ಇದ್ರೂ ಬಾಣ ತೋರಸ್ತೈತಿ."

"ನೀರಾಗ ಬಿದ್ರ?"

"ಹೊಸಾದು ತಡಕೊಂತೈತಿ. ಹಳೇದಕ್ಕ ಪ್ಲಾಸ್ಟಿಕ್ ಚೀಲ ಹಾಕು."

"ಚಳಿಗಾಲದಾಗ ಮಂಜ ಕವೀತೈತಲ್ಲ, ದಂಡಿ ಕಾಣಂಗಿಲ್ಲ. ಆವಾಗ?"

"ಮಂಜಿಗೆ ಏನೂ ಆಗಂಗಿಲ್ಲ. ತಲಿ ಮ್ಯಾಲ ಸೂರು ಇರಬಾರದು, ಅಷ್ಟ. ಬಲಿ ಬಿಟ್ಟ ಜಾಗಾನೂ ಗುರುತ ಮಾಡ್ಕೊಬಹುದು."

"ಮೀನ ಎಲ್ಲಿ ಅದಾವ ಅಂತ ಹೇಳ್ತೈತೇನು?"

"ಅದನ್ನ ಹೇಳಿದ್ರ ನಾ ಇಲ್ಲಿ ಮಂದಿ ಗಡಿಯಾರ ಬಿಚ್ಚಕೋತ ಯಾಕ ಕುಂಡ್ರತಿದ್ದೆ ಮಾರಾಯಾ?"

ಸಿದ್ದರಾಯ ಗಹಗಹಿಸಿ ನಕ್ಕ. ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದು ತೂಗಿ ನೋಡಿದ, ಗುಂಡಿಗಳನ್ನು ಒತ್ತಿದ, ಹೊರಗೆ ಹೋಗಿ ಬಸ್ ನಿಲ್ದಾಣಕ್ಕೆ ಒಂದು ಸುತ್ತು ಹಾಕಿ ಬಂದ. ಕಡೆಗೆ ಕೇಳಿದ: "ಖರೇ ಹೇಳು. ಎರಡಕ್ಕೂ ಏನ್ ಫರಕ?"

ಫರಕ ಇತ್ತು. ಹೊಸದು ಸೆಲ್ಲಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೂ ಗುರುತನ್ನು ಮರೆಯುತ್ತಿರಲಿಲ್ಲ. ಹಳೆಯದರ ಒಳಗೆ ನೆನಪು ಕಾಯುವ ಪುಟ್ಟ ಬ್ಯಾಟರಿಯೊಂದಿತ್ತು, ಅದು ಸತ್ತುಹೋಗಿತ್ತು. ಸೆಲ್ಲು ತೆಗೆದ ಎರಡು ನಿಮಿಷದೊಳಗೆ ಬೇರೆ ಹಾಕದಿದ್ದರೆ ಒಳಗಿದ್ದದ್ದೆಲ್ಲ ಅಳಿಸಿ ಹೋಗುವುದು. ನಬಿಲಾಲನಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೆ ಆ ಡಬ್ಬಿ ಎಂಟು ತಿಂಗಳಿಂದ ಅಂಗಡಿಯಲ್ಲಿ ಕೊಳೆಯುತ್ತಿತ್ತು. ಯಾರಿಗೆ ಬೇಕಂತ ಈ ಹಾಳು ತಂದಿರಿ ಎಂದು ಹೆಂಡತಿ ಖಾತುನಬಿ ದಿನಾ ಕುಟುಕುತ್ತಿದ್ದಳು. ಗೆಳೆಯನ ಕೈಗೂ ಹೊಸದು ಎಟುಕುವಂತಿರಲಿಲ್ಲ.

"ಬಣ್ಣದ ಫರಕ," ಎಂದ ನಬಿಲಾಲ. "ನಿನಗ ಇದ ಸಾಕು. ಸೆಲ್ ಬದಲಿ ಮಾಡೂವಾಗ ಮಾತ್ರ ಲಗೂನ ಮಾಡು."

ಒಳಗಿನ ಬ್ಯಾಟರಿಯನ್ನು ಮುಂದೆ ಯಾವಾಗಾದರೂ ಬದಲಿಸಿ ಕೊಟ್ಟರಾಯಿತು ಎಂದುಕೊಂಡಿದ್ದ. ಆ ಯಾವಾಗಾದರೂ ಬರಲೇ ಇಲ್ಲ.

ಮರುದಿನ ಇಬ್ಬರೂ ಬಿರಿದ ಕೆಸರಿನ ಮೇಲೆ ನಡೆದು ಆ ನಾಲ್ಕು ಕಲ್ಲುಗಳ ಬಳಿ ಹೋದರು. ಸಿದ್ದರಾಯ ಚಪ್ಪಲಿ ದೂರ ಬಿಟ್ಟ. ಪರದೆಯಲ್ಲಿ ಎರಡು ಸಾಲು ಅಂಕಿ ಮೂಡಿದವು. ನಬಿಲಾಲ ಅವನ್ನು ಗಟ್ಟಿಯಾಗಿ ಓದಿದ. ಸಿದ್ದರಾಯ ಮಂತ್ರ ಕೇಳುವವನ ಹಾಗೆ ಕೈಮುಗಿದು ನಿಂತು ಕೇಳಿದ. ಹೆಸರಿಗೆ ಆರೇ ಇಂಗ್ಲಿಷ್ ಅಕ್ಷರ ಹಿಡಿಸುತ್ತಿದ್ದವು. ಚಂದಾ ಎಂದು ಹೊಡೆದ.

"ಬರದೇನ ಆಕಿ ಹೆಸರು?"

"ಬರದೆ."

ಸಿದ್ದರಾಯ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡ. ಅದಾದ ಮೇಲೆ ಅಷ್ಟು ಕೆಳಗೆ ನೀರು ಇಳಿಯಲೇ ಇಲ್ಲ.

*

"ಭಾಳ ದೂರ ಐತೇನ್ರಿ ಕಾಕಾ?" ಕಲ್ಮೇಶ ಹುಟ್ಟು ಹಾಕುತ್ತ ಕೇಳಿದ.

"ಇಲ್ಲ. ಇನ್ನ ಸ್ವಲ್ಪ."

ಜನವರಿಯ ಬಿಸಿಲು ನೀರಿನ ಮೇಲೆ ಚುಚ್ಚುತ್ತಿತ್ತು. ಸುತ್ತ ಎಲ್ಲಿ ನೋಡಿದರೂ ನೀರೇ. ದೂರದ ದಂಡೆಯಲ್ಲಿ ಕಬ್ಬಿನ ಹಸುರು. ಗುರಪ್ಪ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದ. "ಇದರ ಬುಡಕ ನಮ್ಮ ಓಣಿ ಐತಿ ಅಂದ್ರ ನಂಬಾಕ ಆಗಂಗಿಲ್ಲ. ಇಲ್ಲೇ ಎಲ್ಲೋ ನಮ್ಮ ಮನಿ. ಸಿದ್ದಾ ಪುಣ್ಯವಂತ ಬಿಡೋ ಕಲ್ಮೇಶಾ. ನಮ್ಮ ಮಂದ್ಯಾಗ ಎಷ್ಟ ಜನಕ್ಕ ಈಗ ಜೋಡಿ ಮಣ್ಣ ಸಿಗ್ತೈತಿ ಹೇಳು? ನನಗಂತೂ ಸಿಗೂದಿಲ್ಲ. ಇವನಿಗೆ ನಬಿಲಾಲನಂಥಾ ಗೆಳೆಯ ಇದ್ದ."

ಈಗ ಹೇಳಿಬಿಡಬೇಕು, ಎಂದುಕೊಂಡ ನಬಿಲಾಲ. ಹರಿಗೋಲು ನಿಲ್ಲಿಸು ಕಲ್ಮೇಶಾ, ಎನ್ನಬೇಕು. ಆಮೇಲೆ? ಅಪ್ಪನ ಹೆಣ ಅಂಗಳದಲ್ಲಿ ಕೂತಿರುವಾಗ, ನಿಮ್ಮ ಅವ್ವ ಎಲ್ಲಿದ್ದಾಳೋ ನನಗೂ ಗೊತ್ತಿಲ್ಲಪ್ಪ ಎಂದು ಹೇಳುವುದೇ? ಸೆಲ್ಲು ಉಲ್ಟಾ ಹಾಕಿ ಎರಡು ನಿಮಿಷ ತಳ್ಳಿದ್ದರೆ ಗುರುತೇ ಅಳಿಸಿಹೋಗುತ್ತಿತ್ತು, ಅದೂ ಆಗಲಿಲ್ಲ. ಬಾಣ ನೇರವಾಗಿ ತೋರಿಸುತ್ತಿತ್ತು. ಯಂತ್ರಕ್ಕೇನು, ಸುಳ್ಳು ಹೇಳಿಕೊಟ್ಟರೆ ಸುಳ್ಳನ್ನೇ ಅಷ್ಟು ನಿಯತ್ತಾಗಿ ತೋರಿಸುತ್ತದೆ.

*

ಗುರುತು ಹಾಕಿದ ಮರುವರ್ಷದ ರಂಜಾನ್ ತಿಂಗಳಲ್ಲಿ ಡಬ್ಬಿ ರಿಪೇರಿಗೆ ಬಂದಿತ್ತು. ಚೀಲ ಹರಿದು ನೀರು ಹೊಕ್ಕಿತ್ತು. ನಬಿಲಾಲ ಸೆಲ್ಲು ತೆಗೆದು, ಬಿಚ್ಚಿ, ಬಿಸಿಲಿಗಿಟ್ಟ. ಎರಡೇ ನಿಮಿಷ ಎಂದುಕೊಂಡಿದ್ದವನು ಎರಡು ದಿನ ಮರೆತ. ನೆನಪಾಗಿ ಓಡಿಬಂದು ಸೆಲ್ಲು ಹಾಕಿದಾಗ ಒಳಗೆ ಏನೂ ಇರಲಿಲ್ಲ. ಬಲೆಯ ಜಾಗಗಳಿಲ್ಲ, ದಂಡೆಯ ದಾರಿಯಿಲ್ಲ, ಚಂದಾ ಇಲ್ಲ.

ಅಂದು ಗಟ್ಟಿಯಾಗಿ ಓದಿದ್ದ ಅಂಕಿಗಳನ್ನು ನೆನಪಿಸಿಕೊಂಡ. ಮೊದಲಿನವು ಬಂದವು. ಎರಡೂ ಸಾಲಿನ ಕೊನೆಯ ಎರಡೆರಡು ಅಂಕಿ ಬರಲಿಲ್ಲ. ಅವು ತಪ್ಪಿದರೆ ಒಂದು ಫರ್ಲಾಂಗು ಆಚೀಚೆ ಆಗುತ್ತದೆಂದು ಅವನಿಗೆ ಗೊತ್ತಿತ್ತು. ಒಂದು ಫರ್ಲಾಂಗಿನಲ್ಲಿ ಸುಡಗಾಡು ಮುಗಿದು ಊರು ಶುರುವಾಗುತ್ತದೆಂಬುದೂ ಗೊತ್ತಿತ್ತು.

"ಹೇಳಿಬಿಡ್ರಿ," ಎಂದಳು ಖಾತುನಬಿ. "ಸಿದ್ದಣ್ಣ ಒಂದ ದಿನ ಬೈತಾರ, ಎರಡ ದಿನ ಬೈತಾರ. ರೋಜಾ ಹಿಡದೀರಿ, ಸುಳ್ಳ ಹೇಳಬ್ಯಾಡ್ರಿ."

ಹೇಳಬಹುದಿತ್ತು. ಆದರೆ ಮರೆತೆ ಎಂದರೆ, ಎರಡು ನಿಮಿಷಕ್ಕೆ ಅಳಿಸಿ ಹೋಗುವಂಥದ್ದನ್ನು ಯಾಕೆ ಕೊಟ್ಟೆ ಎಂಬ ಪ್ರಶ್ನೆ ಬರುತ್ತದೆ. ಬಣ್ಣದ ಫರಕ ಎಂದದ್ದು ಹೊರಗೆ ಬರುತ್ತದೆ. ನಬಿಲಾಲ ಅಂಗಡಿಯ ಬಾಗಿಲು ಅರ್ಧ ಎಳೆದು, ಎರಡೂ ಸಾಲಿನ ಕೊನೆಗೆ ಐವತ್ತೆರಡು ಎಂದು ಹೊಡೆದ. ಅದು ಅವನ ಅಂಗಡಿಯ ನಂಬರು. ಹೊಡೆಯುವಾಗ ಕಣ್ಣೆದುರಿಗಿದ್ದದ್ದು ಅದೇ.

ಸಿದ್ದರಾಯ ಬಂದಾಗ ಹೇಳಿದ: "ಬಲಿ ಜಾಗ ಎಲ್ಲಾ ಅಳಿಸ್ಯಾವೋ. ಆದ್ರ ಚಂದವ್ವ ವೈನಿ ಜಾಗ ಉಳೀತು ನೋಡು."

ಸಿದ್ದರಾಯನ ಕಣ್ಣು ತುಂಬಿ ಬಂದವು. "ಬಲಿ ಜಾಗ ಹಾಳಾಗಿ ಹೋಗ್ಲಿ. ಅವನ್ನ ನಾ ಮತ್ತ ಹುಡಕ್ತೇನಿ. ಆಕೀನ್ನ ಉಳಿಸಿದೆಲ್ಲ, ನಿನ್ನ ಋಣ ಹೆಂಗ ತೀರಸ್ಲಿ?" ಎಂದ. ಹಬ್ಬದ ದಿನ ನಾಲ್ಕು ಸೇರಿನ ಕಟ್ಲಾ ಮೀನು ಹೊತ್ತು ತಂದು ಮನೆ ಬಾಗಿಲಿಗೆ ಇಟ್ಟು ಹೋದ. ಖಾತುನಬಿ ಅದನ್ನು ಮುಟ್ಟಲಿಲ್ಲ. ನಬಿಲಾಲ ತಿಂದ.

*

"ಇಲ್ಲೇ," ಎಂದ ನಬಿಲಾಲ.

ಕಲ್ಮೇಶ ಕಲ್ಲು ಕಟ್ಟಿದ ಹಗ್ಗ ಇಳಿಸಿ ಆಳ ನೋಡಿದ. ಮೂರಾಳು. ಅಂಗಿ ಬಿಚ್ಚಿದ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡ, ನೀರಿಗೆ ಕೈಮುಗಿದು ಮುಳುಗಿದ. ಗುಳ್ಳೆಗಳು ಎದ್ದವು, ನಿಂತವು. ಮೇಲೆ ಬಂದಾಗ ಕೈ ಖಾಲಿ.

"ತೆಳಗ ಕತ್ತಲಿ. ಕೈಗೆ ಏನೂ ಹತ್ತವಲ್ದು."

"ಬ್ಯಾಡ ಬಿಡೋ ಮಗನ," ಎಂದ ನಬಿಲಾಲ. ಅವನ ದನಿ ಬೇಡಿಕೊಳ್ಳುವಂತಿತ್ತು. "ನೀರು ಭಾಳ ಥಂಡಿ ಅದಾವು. ನಿಮ್ಮಪ್ಪಗ ಇದು ಇಷ್ಟ ಆಗತಿರಲಿಲ್ಲ."

"ಅವ್ವನ ಮಣ್ಣ ಕಾಕಾ!" ಎಂದು ಕಲ್ಮೇಶ ಮತ್ತೆ ಮುಳುಗಿದ.

ಮೂರನೆಯ ಸಲ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಗುರಪ್ಪ ಹಗ್ಗ ಹಿಡಿದು ಎದ್ದು ನಿಂತ. ನಬಿಲಾಲ ಅಲ್ಲಾನನ್ನೂ ಕೃಷ್ಣೆಯನ್ನೂ ಒಟ್ಟಿಗೇ ಕರೆದ. ಕಡೆಗೆ ತಲೆ ಎದ್ದಿತು, ತುಟಿ ನೀಲಿಗಟ್ಟಿತ್ತು, ಎದೆಗವಚಿಕೊಂಡ ಎರಡೂ ಕೈಯಲ್ಲಿ ಕಪ್ಪು ಮಣ್ಣು. ಹರಿಗೋಲಿನ ಅಂಚಿಗೆ ಆತುಕೊಂಡು ಅವನು ಆ ಮಣ್ಣನ್ನು ಹೊಸ ಬಟ್ಟೆಯ ಮೇಲೆ ಸುರಿದ. ಅಳುತ್ತ ನಗುತ್ತಿದ್ದ.

ಮಣ್ಣಿನೊಳಗೆ ಅಂಗೈಯಷ್ಟು ದೊಡ್ಡದೊಂದು ಗಾರೆಯ ಚೂರು ಇತ್ತು. ಒಂದು ಮಗ್ಗುಲಿಗೆ ನೀಲಿ ಬೆರೆಸಿದ ಸುಣ್ಣ, ಅದರ ಮೇಲೆ ಪದರು ಪದರಾಗಿ ಹೊಗೆಯ ಮಸಿ. ಯಾರದೋ ಅಡಿಗೆಮನೆಯ ಗೋಡೆ.

ಗುರಪ್ಪ ಅದನ್ನೆತ್ತಿ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. "ಏನೋ ಇದು? ಅವ್ವನ ಸಮಾಧಿಗೆ ಸುಣ್ಣ ಬಳದಿದ್ರೇನು?"

ಕಲ್ಮೇಶ ಗಡಗಡ ನಡುಗುತ್ತಿದ್ದ. "ಬಳದಿದ್ವಿ. ಬಳದಿದ್ವಿ ಅನಸ್ತೈತಿ ಮುತ್ಯಾ, ನಾ ಆಗ ಸಣ್ಣಾಂವ. ಹೌದಲ್ರಿ ಕಾಕಾ?"

ಇಬ್ಬರೂ ನಬಿಲಾಲನನ್ನು ನೋಡಿದರು. ಸುಣ್ಣವಿರಲಿಲ್ಲ, ಬರೀ ನಾಲ್ಕು ಕಾಡುಗಲ್ಲು. ಅವನು ತನ್ನ ಶಾಲು ತೆಗೆದು ಕಲ್ಮೇಶನಿಗೆ ಹೊದಿಸಿದ.

"ಹೌದು," ಎಂದ. "ನಡೀರಿ, ತಡಾ ಆಕ್ಕೈತಿ."

*

ದಂಡೆಗೆ ಬಂದು ಮನೆ ಮುಟ್ಟಿದ ಮೇಲೆ ನಬಿಲಾಲನಿಗೆ ಇನ್ನು ತಡೆಯಲಾಗಲಿಲ್ಲ. ಸಿದ್ದರಾಯನ ಮಗಳು ಲಕ್ಕವ್ವ ಹೆಣಕ್ಕೆ ನೀರೆರೆಯಲು ಹಿತ್ತಲ ನಳದಲ್ಲಿ ಕೊಡ ತುಂಬುತ್ತಿದ್ದಳು. ಗಂಡ ಸತ್ತ ಮೇಲೆ ತವರಿಗೇ ಬಂದು ಅಪ್ಪನ ಗಂಜಿ ನೋಡಿಕೊಂಡಿದ್ದವಳು. ಸುತ್ತ ಯಾರೂ ಇರಲಿಲ್ಲ. ನಬಿಲಾಲ ನಿಂತಲ್ಲೇ ಎಲ್ಲವನ್ನೂ ಹೇಳಿದ: ಬಣ್ಣದ ಫರಕ, ರಂಜಾನ್, ಐವತ್ತೆರಡು. ಲಕ್ಕವ್ವ ನಳ ನಿಲ್ಲಿಸಲಿಲ್ಲ. ಕೊಡ ತುಂಬಿ ಹರಿಯಿತು.

"ಗೊತ್ತೈತಿ, ಕಾಕಾ," ಎಂದಳು.

"ಏನ್ ಗೊತ್ತೈತಿ?"

"ಆ ಜಾಗ ಸುಳ್ಳು ಅಂತ. ರಿಪೇರಿ ಆದಮ್ಯಾಲ ಮೊದಲನೇ ಅಮಾಸಿಗೆ ಅಪ್ಪ ಎಡಿ ಕಟಗೊಂಡ ಹೋಗಿದ್ದ. ಹರಗೋಲ ನಿಲ್ಸಾಕ ಕಲ್ಲ ಬಿಟ್ಟ. ಎತ್ತೂವಾಗ ಕಲ್ಲ ಗ್ವಾಡಿಗೆ ಸಿಕ್ಕೊಂಡ್ತು. ಎಳದಂಗ ಎಳದಂಗ ಕಿಡಕಿ ಚೌಕಟ್ಟ ಮ್ಯಾಲ ಬಂತು. ಮನಿಗೆ ಬಂದು ಹಂಗ ಎಡಿ ಇಳಿಸಿದ. ಸುಡಗಾಡದಾಗ ಕಿಡಕಿ ಎಲ್ಲಿಂದ ಬಂತು ಲಕ್ಕೀ ಅಂದ."

ನಬಿಲಾಲ ಬೆರಳು ಮಡಚಿ ಎಣಿಸಿದ. "ಮೂರ ವರ್ಷ ಆತಲ್ಲ. ನನಗ ಯಾಕ ಕೇಳಲಿಲ್ಲ ಅಂವಾ?"

"ನಾನೂ ಅದನ್ನ ಅಂದೆ. ಕೇಳಪಾ ಹೋಗಿ ಅಂದೆ. ಕೇಳಂಗಿಲ್ಲ, ನಬ್ಯಾ ತಾನ ಹೇಳ್ತಾನ, ಹೇಳಿದಾಗ ಬೈಯಂಗಿಲ್ಲ ಅಂತ ಮನಸ್ಸ ಗಟ್ಟಿ ಮಾಡೇನಿ ಅಂದ. ವಾರಾ ವಾರಾ ಸಂತಿ ದಿನ ನಿಮ್ಮ ಅಂಗಡಿಗೆ ಬಂದು ಕುಂಡ್ರತಿದ್ನಲ್ಲ, ಚಾ ಕುಡ್ಯಾಕ ಬರ್ತಿದ್ದ ಅಂತ ಮಾಡೀರೇನು? ಸಂಜಿಗೆ ಬಂದ ಕೂಡ್ಲೆ ನಾ ಕೇಳ್ತಿದ್ದೆ, ಹೇಳಿದ್ರೇನಪಾ ಅಂತ. ಇವತ್ತ ಗಿರಾಕಿ ಭಾಳ ಇದ್ರು ಅಂತಿದ್ದ. ಇವತ್ತ ಅವಂಗ ಆರಾಮ ಇರಲಿಲ್ಲ ಅಂತಿದ್ದ. ಮುಂದಿನ ವಾರ ಹೇಳ್ತಾನ ಬಿಡು ಅಂತಿದ್ದ."

ಸಿದ್ದರಾಯ ಅಂಗಡಿಯ ಸ್ಟೂಲಿನ ಮೇಲೆ ಕೂತು, ಕುಡಿದು ಮುಗಿದ ಕಪ್ಪನ್ನೂ ಕೈಯಲ್ಲೇ ಹಿಡಿದುಕೊಂಡು, ಏಳದೆ, "ಮತ್ತೇನು ನಬ್ಯಾ? ಮತ್ತೇನು ಸುದ್ದಿ?" ಎಂದು ಕೇಳುತ್ತಿದ್ದದ್ದು ನಬಿಲಾಲನ ಕಣ್ಣಿಗೆ ಕಟ್ಟಿತು. ಏನೂ ಇಲ್ಲಪಾ, ಎಲ್ಲಾ ಆರಾಮ, ಎಂದು ತಾನು ಹೇಳುತ್ತಿದ್ದದ್ದೂ. ಮೂರು ವರ್ಷ, ಪ್ರತಿ ಸಂತೆ!

"ಕಲ್ಮೇಶಗ ಹೇಳ್ತೇನಿ," ಎಂದ. "ಈಗ ಹೇಳ್ತೇನಿ, ಎಲ್ಲಾರ ಮುಂದ. ಸುಳ್ಳ ಮಣ್ಣ ಹಾಕೂದು ಬ್ಯಾಡ."

ಲಕ್ಕವ್ವ ಆಗ ಮೊದಲ ಸಲ ತಲೆ ಎತ್ತಿದಳು. ಅಳುವಿರಲಿಲ್ಲ ಆ ಮುಖದಲ್ಲಿ, ಸಿಟ್ಟಿತ್ತು.

"ಹೇಳಬೇಕಾದಂವಗ ಹೇಳಲಿಲ್ಲ. ಕಿವಿ ತೆರಕೊಂಡು ಮೂರ ವರ್ಷ ಎದುರಿಗೆ ಕುಂತಿದ್ದ, ಆವಾಗ ಹೇಳಲಿಲ್ಲ. ಈಗ ನಿಮ್ಮ ಹೊಟ್ಟಿ ಹಗರ ಮಾಡ್ಕೊಳ್ಳಾಕ ನನ್ನ ತಮ್ಮನ ಹೊಟ್ಟ್ಯಾಗ ಕಲ್ಲ ಹಾಕ್ತೀರೇನು? ಜೀವಾ ಒತ್ತಿಟ್ಟು ತಂದಾನ ಅದನ್ನ. ಅವಂಗ ಅದು ಅವ್ವನ ಮಣ್ಣು. ಬಾಯಿ ಮುಚ್ಚಕೊಂಡಿರ್ರಿ ಕಾಕಾ. ನಿಮಗ ರೂಢಿ ಐತಿ."

ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಒಳಗೆ ಹೋದಳು.

*

ಪುನರ್ವಸತಿ ಊರಿನ ಸುಡಗಾಡು ಬರೀ ಗರಸು ನೆಲ. ಹಾರೆ ಹಾಕಿದರೆ ಕಿಡಿ ಏಳುತ್ತಿತ್ತು. ಎಳೆಯರು ಬೆಳಗಿನಿಂದ ಅಗೆದು ಎದೆಯಾಳದ ಕುಣಿ ಮಾಡಿದ್ದರು. ಸಿದ್ದರಾಯನನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ಒಳಗೆ ಮಲಗಿಸಿದರು. ಹಲಗೆ ಬಾರಿಸುವವರ ಸದ್ದು ನಿಂತಿತು. ಕಲ್ಮೇಶ ಹೊಸ ಬಟ್ಟೆಯ ಗಂಟು ಬಿಚ್ಚಿದ.

"ಮಗ ಇಳಿದು ಹಾಕ್ಲಿ," ಎಂದ ಗುರಪ್ಪ.

"ನಬಿಕಾಕಾ ಹಾಕ್ಲಿ," ಎಂದಳು ಲಕ್ಕವ್ವ. ಹೆಂಗಸರ ಗುಂಪಿನಿಂದ ಮುಂದೆ ಬಂದು ನಿಂತಿದ್ದಳು. "ಅಪ್ಪನ ಜೀವದ ಗೆಳೆಯ. ಆ ಜಾಗ ಉಳಿಸಿಟ್ಟಾವ್ರು ಅವರ. ಅವರ ಕೈಲೆ ಬೀಳ್ಲಿ."

ಎಂಥ ಮಾತು ಎಂದು ಮಂದಿ ತಲೆದೂಗಿದರು. ಯಾರೋ ಮೂಗು ಸೀನಿಕೊಂಡರು. ಜಾತಿ ಯಾವುದಾದರೇನು, ಗೆಳೆತನ ಅಂದರೆ ಇದು ನೋಡು ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ. ಕಲ್ಮೇಶ ನಬಿಲಾಲನ ಕೈಹಿಡಿದು ಕುಣಿಯೊಳಗೆ ಇಳಿಸಿ, ಬಟ್ಟೆಯನ್ನು ಅವನ ಕೈಗೆ ಕೊಟ್ಟ.

ಹೆಣದ ಮಗ್ಗುಲಿಗೆ ಕಾಲಿಡಲು ಜಾಗ ಕಡಿಮೆ. ನಬಿಲಾಲ ಮೊಣಕಾಲೂರಿದ. ಒದ್ದೆ ಮಣ್ಣನ್ನು ಹಿಡಿಯಲ್ಲಿ ತೆಗೆದು ಎದೆಯ ಮೇಲಿಟ್ಟ. ಮತ್ತೆ ತೆಗೆದ, ಮತ್ತೆ ಇಟ್ಟ. ಬಟ್ಟೆಯಲ್ಲಿ ಆ ಚೂರೊಂದು ಉಳಿಯಿತು. ಅದನ್ನು ಮೆಲ್ಲಗೆ ಅಂಗೈಯಲ್ಲಿ ಮುಚ್ಚಿ ಜುಬ್ಬಾದ ಜೇಬಿನ ಕಡೆ ಒಯ್ಯುತ್ತಿದ್ದ.

"ಅದನ್ನೂ ಇಡ್ರಿ, ಕಾಕಾ," ಎಂದ ಕಲ್ಮೇಶ ಮೇಲಿನಿಂದ. "ಅವ್ವನ ಸಮಾಧೀದು."

ನಬಿಲಾಲ ಕೈ ತೆರೆದ. ನೀಲಿ ಸುಣ್ಣದ ಮಗ್ಗುಲು ಮಂದಿಗೆ ಕಾಣಬಾರದೆಂದು ಚೂರನ್ನು ಬೋರಲಾಗಿ ಇಟ್ಟ, ಅದು ಜಾರಿತು. ಎತ್ತಿ ಮತ್ತೆ ಇಟ್ಟು, ಜಾರದಂತೆ ಐದೂ ಬೆರಳಿನಿಂದ ಅದುಮಿ ಹಿಡಿದ. ಮೇಲೆ ಮಂದಿ ಮುಷ್ಟಿಯಲ್ಲಿ ಗರಸು ಹಿಡಿದು, ಅವನು ಕೈ ತೆಗೆಯಲೆಂದು ಕಾಯುತ್ತ ನಿಂತಿದ್ದರು. ಅವನ ಬೆರಳುಗಳ ಕೆಳಗೆ ಬಿಳಿಯ ಬಟ್ಟೆಯ ಮೇಲೆ ಯಾರದೋ ಒಲೆಯ ಮಸಿ ನಿಧಾನವಾಗಿ ಹರಡುತ್ತಿತ್ತು.